ಕುಷ್ಟನನ್ನು ಕಾಣಲು ಬರಿಗೈಯಲ್ಲಿ

ನಮ್ಮ ಊರಿನವರಿಗೆ ಒಂದು ಚಟವಿದೆ. ಯಾರ ಮನೆಗೂ ಬರಿಗೈಯಲ್ಲಿ ಹೋಗುವುದಿಲ್ಲ. ಕಾಯಿಲೆಯವರನ್ನು ನೋಡಲು ಹೋದರೆ ಎಳನೀರು, ಮಕ್ಕಳಿರುವ ಮನೆಯಾದರೆ ಬೆಲ್ಲದ ತುಂಡು, ಏನೂ ಇಲ್ಲದಿದ್ದರೆ ಹಿತ್ತಲಿನ ನಾಲ್ಕು ಬಸಳೆ ಕುಡಿಯನ್ನಾದರೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗಬೇಕು. ಕೈ ಬೀಸಿಕೊಂಡು ಬಂದವಳನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ನಾನೂ ಆಡಿಕೊಂಡಿದ್ದೇನೆ, ಸುಳ್ಳೇಕೆ ಹೇಳಲಿ? ಮನುಷ್ಯರ ಮಟ್ಟಿಗೆ ಅದು ಒಳ್ಳೆಯ ಪದ್ಧತಿಯೇ. ಆದರೆ ಶಾಮರಾಯ ಡಾಕ್ಟರು ಹಿತ್ತಲಿನಲ್ಲಿ ಪ್ರಾಣಿಗಳನ್ನಿಟ್ಟು ಊರವರನ್ನೆಲ್ಲ ನೋಡಲು ಕರೆದರಲ್ಲ, ಆಗ ಈ ಪದ್ಧತಿ ಒಂದು ಜೀವದ ಕುತ್ತಿಗೆಗೇ ಬಂತು.

ಶಾಮರಾಯರೆಂದರೆ ಕುಂದಾಪುರದ ದನದ ಡಾಕ್ಟರು. ಕೋಟದ ಕಡೆಯವರು, ಮದರಾಸಿನಲ್ಲಿ ಓದಿದವರು. ಅಲ್ಲಿಯ ಮೃಗಾಲಯ ನೋಡಿ ಬಂದಂದಿನಿಂದ ನಮ್ಮೂರಿನಲ್ಲೂ ಅಂಥದ್ದೊಂದು ಬೇಕೆಂದು ಅವರಿಗೆ ಆಸೆ. ಹುಲಿ, ಸಿಂಹ ತರಿಸಲು ಅವರೇನು ಮಹಾರಾಜರೇ? ಗುಂಡು ತಾಗಿ ಕುಂಟಾದ ಜಿಂಕೆ, ರೆಕ್ಕೆ ಮುರಿದ ಹದ್ದು, ಬಾಲ ಕಳೆದುಕೊಂಡ ಮುದಿ ಮಂಗ, ಹೀಗೆ ಯಾರಿಗೂ ಬೇಡವಾದವುಗಳನ್ನು ತಂದು, ಮದ್ದು ಮಾಡಿ, ಹೊಳೆಬದಿಯ ತಮ್ಮ ಹಿತ್ತಲಿನಲ್ಲಿ ಗೂಡು ಕಟ್ಟಿಸಿ ಸಾಕಿದರು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅದು. ಆದಿತ್ಯವಾರ ಬಂತೆಂದರೆ ಬಸ್ರೂರಿನಿಂದ, ಕೋಡಿಯಿಂದ ಜನ ಬಂದು ಸೇರುತ್ತಿದ್ದರು. ಡಾಕ್ಟರು ಒಂದೊಂದು ಗೂಡಿನ ಮುಂದೆ ನಿಂತು ಅದು ಏನು ತಿನ್ನುತ್ತದೆ, ಅದಕ್ಕೆ ಯಾವ ರೋಗ ಬರುತ್ತದೆ, ಅದನ್ನು ಕೊಂದರೆ ನಮಗೇನು ನಷ್ಟ ಎಂದು ಗಂಟಲು ಕಟ್ಟುವವರೆಗೆ ಹೇಳುತ್ತಿದ್ದರು.

ಜನ ಕೇಳುತ್ತಿದ್ದರು, ತಲೆಯಾಡಿಸುತ್ತಿದ್ದರು. ಆಮೇಲೆ ಮೆಲ್ಲಗೆ ಗಂಟು ಬಿಚ್ಚುತ್ತಿದ್ದರು! ಜಿಂಕೆಗೆ ದೋಸೆ, ಮಂಗನಿಗೆ ಮೀನುಸಾರಿನ ಅನ್ನ. ಹದ್ದಿಗೆ ಅವಲಕ್ಕಿ ತಂದ ಮಹಾತಾಯಿಯೂ ಇದ್ದಳು. ‘ತಿನ್ನಲು ಏನೂ ಕೊಡಬಾರದು’ ಎಂದು ಡಾಕ್ಟರು ಹಲಗೆ ಬರೆಸಿ ಹಾಕಿದರು. ಓದು ಬಲ್ಲವರು ಅದನ್ನು ಗಟ್ಟಿಯಾಗಿ ಓದಿ, ಬೇರೆಯವರಿಗೆ ಬರೆದದ್ದೆಂದುಕೊಂಡು, ತಾವು ತಂದದ್ದನ್ನು ಕೊಟ್ಟರು. ಜಿಂಕೆಯ ಹೊಟ್ಟೆ ಉಬ್ಬಿ ಅದು ಸಾಯುವುದೊಂದು ಬಾಕಿ.

ಕೊನೆಗೆ ಡಾಕ್ಟರು ನನ್ನನ್ನು ಕರೆಸಿದರು. ನಾನು ಕಮಲ, ಕೋಡಿಯವಳು, ಮೀನು ಮಾರುವವಳು. ನನ್ನ ಬಾಯಿಯ ಖ್ಯಾತಿ ಅವರ ಕಿವಿಗೂ ಬಿದ್ದಿತ್ತು.

“ಕಮಲಾ, ಆದಿತ್ಯವಾರ ಗೇಟ್ ಹತ್ರ ನೀ ಕೂತ್ಕೊ. ಯಾರನ್ನೂ ಗಂಟ್ ಹಿಡ್ಕಂಡ್ ಒಳ್ಗೆ ಬಿಡ್ಬೇಡ.”

“ಬಿಟ್ರೆ ಕೇಳಿ ಡಾಕ್ಟ್ರೆ!” ಎಂದೆ. ಬಂದವರ ಗಂಟುಗಳನ್ನೆಲ್ಲ ಬುಟ್ಟಿಯಲ್ಲಿ ತೆಗೆದಿಟ್ಟುಕೊಂಡು, ಹೋಗುವಾಗ ಅವರವರ ಕೈಗೆ ಕೊಡುತ್ತಿದ್ದೆ. ಎಷ್ಟು ಜಗಳವಾಡಿದೆನೋ ಲೆಕ್ಕವಿಲ್ಲ. ನನಗೂ ಖುಷಿಯೇ ಅನ್ನಿ.

ನಾನು ಅಷ್ಟು ಮುತುವರ್ಜಿ ವಹಿಸಿದ್ದಕ್ಕೆ ಕಾರಣ ಕುಷ್ಟ. ಕುಷ್ಟ ಎಂದರೆ ನಮ್ಮ ನೀರುನಾಯಿ. ಅದರ ತಾಯಿ ಯಾರದೋ ಬಲೆಗೆ ಬಿದ್ದು ಪೆಟ್ಟು ತಿಂದು ಸತ್ತಿತ್ತು. ಮರಿ ನನ್ನ ಗಂಡನ ಬಲೆಗೆ ಬಿತ್ತು. ನನ್ನ ಗಂಡ ಗುಡ್ಡನಿಗೆ ನೀರುನಾಯಿಯೆಂದರೆ ಮೈಯೆಲ್ಲ ಉರಿ. ಬಲೆ ಹರಿದು ಮೀನು ಕದಿಯುವ ಪ್ರಾಣಿಯಲ್ಲವೇ? ಹೊಡೆಯಲು ದೋಣಿಯ ಹುಟ್ಟು ಎತ್ತಿದನಂತೆ, ಅಷ್ಟರಲ್ಲಿ ಅದು ಮೇಲೆ ನೋಡಿ ಕೀಂ ಎಂದಿತಂತೆ. ಎತ್ತಿದ ಹುಟ್ಟನ್ನು ಕೆಳಗಿಟ್ಟು, ಅದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಂದು ನನ್ನೆದುರು ಕುಕ್ಕಿದ.

“ದೊಡ್ಡದಾದ್ಮೇಲೆ ಚರ್ಮ ಮಾರ್ತೆ” ಎಂದ.

“ಮಾರ್ತ್ರಿ, ಮಾರ್ತ್ರಿ” ಎಂದೆ. ಮರುದಿನವೇ ಒಯ್ದು ಡಾಕ್ಟರ ಕೈಗೆ ಕೊಟ್ಟೆ. ಬೆಣ್ಣೆಕಳ್ಳ ಕೃಷ್ಣನನ್ನು ನಮ್ಮ ಕಡೆ ಕುಷ್ಟ ಎನ್ನುತ್ತಾರೆ, ಕಳ್ಳತನಕ್ಕೆ ಹೊಂದುವಂತೆ ಆ ಹೆಸರಿಟ್ಟವಳೂ ನಾನೇ. ದಿನಾ ಬೆಳಗ್ಗೆ ಪೇಟೆಗೆ ಹೋಗುವಾಗ ಅವನ ಪಾಲಿನ ಮೀನು ಹಾಕಿ ಹೋಗುತ್ತಿದ್ದೆ. ನನ್ನ ಬಳೆ ಸದ್ದು ಕೇಳಿದರೆ ಸಾಕು, ತೊಟ್ಟಿಯಿಂದ ಎದ್ದು ಬಂದು ಎರಡು ಕಾಲಿನಲ್ಲಿ ನಿಂತುಕೊಳ್ಳುತ್ತಿದ್ದ, ಮುಂಡೇಗಂಡ! ನನ್ನ ಒಬ್ಬಳೇ ಮಗಳು ಜಲಜಳನ್ನು ಮದುವೆ ಮಾಡಿ ಶಿರೂರಿಗೆ ಕಳುಹಿಸಿದ ಮೇಲೆ ನನಗಾಗಿ ಕಾಯುವ ಜೀವ ಅದೊಂದೇ ಆಗಿತ್ತು.

ನನ್ನ ಗಂಡ ಮಾತ್ರ ಆ ಹಿತ್ತಲಿನ ಸುದ್ದಿ ಎತ್ತಿದರೆ ಸಿಡುಕುತ್ತಿದ್ದ. “ಹೊಳಿಯಂಗೆ ನೀರ್‌ನಾಯಿ ಇದ್ರೆ ಹೊಳಿ ಚಂದ ಇತ್ತ್ ಅಂತಾರಂತೆ ನಿಮ್ಮ್ ಡಾಕ್ಟ್ರ್! ಹರ್ದ್ ಬಲೆ ಹೊಲಿಯುಕೆ ಅವ್ರ್ ಬತ್ರಾ?” ಎಂದು ಜಗಲಿಯಲ್ಲಿ ಕೂತು ಕೂಗಾಡುತ್ತಿದ್ದ. ಕೋಡಿಯ ಮೀನುಗಾರರೆಲ್ಲ ಹೌದು ಹೌದು ಎನ್ನುತ್ತಿದ್ದರು.

ಆಷಾಢ ಬಂತು. ಕಡಲು ಮುಚ್ಚಿತು, ಹೊಳೆಯಲ್ಲಿ ನೆರೆ. ಮೀನಿಗೆ ಬರ. ಕುಷ್ಟನಿಗೆ ಗದ್ದೆಯ ತೋಡಿನಲ್ಲಿ ಸಿಕ್ಕ ಸಣ್ಣಪುಟ್ಟ ಮೀನು ಒಂದು ಹಿಡಿ ಹಾಕಿದರೆ ಅದೇ ಹೆಚ್ಚು. ಉಳಿದ ಕೊರತೆಗೆ ಡಾಕ್ಟರು ಮೊಟ್ಟೆ ಕೊಡುತ್ತಿದ್ದರು. ಅದೇ ಹೊತ್ತಿಗೆ ನಮ್ಮ ಮನೆಯಲ್ಲಿ ಇನ್ನೊಂದು ಪೀಡೆ ಶುರುವಾಯಿತು. ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿ ಅಟ್ಟದ ಮಡಕೆಯಲ್ಲಿ ತುಂಬಿಟ್ಟ ಮೀನು ದಿನದಿಂದ ದಿನಕ್ಕೆ ಕಡಿಮೆಯಾಗತೊಡಗಿತು. ಅದರಲ್ಲೂ ಜಲಜ ಬಂದಾಗ ಕೊಡಬೇಕೆಂದು ಇಟ್ಟ ದೊಡ್ಡ ದೊಡ್ಡ ನಂಗು ಮೀನೇ ಮಾಯ. ಇಲಿಯೆಂದು ಬೋನು ಇಟ್ಟೆ. ಬೆಕ್ಕೆಂದು ನೆರೆಮನೆಯ ಪುಷ್ಪಳ ಬೆಕ್ಕಿಗೆ ಪೊರಕೆ ಎಸೆದು, ಪುಷ್ಪಳ ಜೊತೆ ಮಾತು ಬಿಟ್ಟೆ. ನನ್ನ ಗಂಡ ಎಲ್ಲವನ್ನೂ ನೋಡುತ್ತ ಬಾಯಿಗೆ ಬೀಗ ಹಾಕಿಕೊಂಡು ಬಲೆ ಹೊಲಿಯುತ್ತಿದ್ದ.

ಒಂದು ಬೆಳಗ್ಗೆ ನಾನು ಹೋದಾಗ ಕುಷ್ಟ ಎದ್ದು ಬರಲಿಲ್ಲ. ಗೂಡಿನ ಮೂಲೆಯಲ್ಲಿ ಬಿದ್ದಿದ್ದ. ಕರೆದರೆ ಎದ್ದು ನಿಂತು, ಓಲಾಡಿ, ಗೋಡೆಗೆ ತಲೆ ಗುದ್ದಿಕೊಂಡು ಬಿದ್ದ. ಕಣ್ಣು ತೆರೆದಿದ್ದರೂ ನನ್ನನ್ನು ಕಂಡ ಹಾಗಿರಲಿಲ್ಲ. ಆಮೇಲೆ ಮೈಯೆಲ್ಲ ಸೆಟೆದು, ಬಾಯಲ್ಲಿ ನೊರೆ ಬಂತು. ನನ್ನ ಬುಟ್ಟಿ ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ, “ಡಾಕ್ಟ್ರೇ!” ಎಂದು ಕಿರುಚಿದೆ.

ಡಾಕ್ಟರು ಓಡಿ ಬಂದು, ಗೂಡಿನ ಬಾಗಿಲಿಗೆ ಕೈ ಹಾಕಿದವರು ಹಾಗೇ ಹಿಂದೆಗೆದರು. ನನ್ನನ್ನೂ ದೂರ ಎಳೆದರು. ಅವರ ಮುಖ ನೋಡಿಯೇ ನನಗೆ ಅರ್ಥವಾಯಿತು. ಹಿಂದಿನ ತಿಂಗಳು ಒಂದು ಹುಚ್ಚುನಾಯಿ ಇದೇ ಹಿತ್ತಲಿನ ಬೇಲಿ ನುಸುಳಿ ಬಂದಿತ್ತು. ಹೊಳೆಬದಿಯಲ್ಲಿ ಅದನ್ನು ಹೊಡೆದು ಹಾಕಿದ್ದರು. ಅದು ಕುಷ್ಟನನ್ನು ಕಚ್ಚಿತ್ತೋ ಇಲ್ಲವೋ ಕಂಡವರಿಲ್ಲ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಪಟೇಲ ಚಂದಯ್ಯನವರು ಕೋವಿ ಹಿಡಿದುಕೊಂಡೇ ಬಂದರು. ಹಿಂದೆಯೇ ಕೋಡಿಯ ಅರ್ಧ ಜನ, ಅವರ ನಡುವೆ ನನ್ನ ಗಂಡ.

“ಡಾಕ್ಟ್ರೆ, ನಿಮ್ಗೆ ಬೇಜಾರಾತ್ತ್, ನಂಗೂ ಆತ್ತ್. ಆದ್ರೆ ಮಕ್ಳ್ ಬಪ್ಪ ಜಾಗ ಇದ್. ಇನ್ನೆಂತ ಕಾಂಬುದ್?” ಎಂದರು ಪಟೇಲರು.

“ನೀರ್ ಕುಡಿತ್ತ್ ಡಾಕ್ಟ್ರೆ!” ಎಂದೆ ನಾನು. “ಹುಚ್ಚ್ ಹಿಡ್ದದ್ದ್ ನೀರ್ ಕುಡಿತ್ತಾ? ಕಾಣಿ, ಮಡ್ಕಿ ನೆಕ್ತಾ ಇತ್ತ್!”

ಆ ವಾರ ಕುಷ್ಟನ ಸಿಮೆಂಟಿನ ತೊಟ್ಟಿ ಬಿರುಕುಬಿಟ್ಟು ನೀರು ನಿಲ್ಲುತ್ತಿರಲಿಲ್ಲ, ಮಾಡು ಹೊದಿಸಿದ ಗೂಡಿನೊಳಗೆ ಮಳೆನೀರೂ ಬೀಳುತ್ತಿರಲಿಲ್ಲ. ಬದಲಿಗೆ ಇಟ್ಟ ಮಡಕೆಯನ್ನು ಅವನು ದಿನಾ ಮಗುಚಿ ಆಡುತ್ತಿದ್ದ. ಈಗ ಆ ಖಾಲಿ ಮಡಕೆಯನ್ನೇ ನೆಕ್ಕುತ್ತಿದ್ದ.

ಡಾಕ್ಟರು ತಲೆಯಲ್ಲಾಡಿಸಿದರು. “ಮನುಷ್ಯರಿಗೆ ಹುಚ್ಚು ಹಿಡಿದರೆ ನೀರು ಕಂಡರೆ ಹೆದರಿಕೆ. ಪ್ರಾಣಿಗಳಲ್ಲಿ ಅದು ಖಾತ್ರಿ ಅಲ್ಲ ಕಮಲಾ. ಸರಿ ನೆನಪ್ ಮಾಡ್ಕೊ. ಇದ್ಕೆ ಯಾರಾದ್ರೂ ಬೇರೆ ಎಂತಾದ್ರೂ ತಿಂಬುಕೆ ಕೊಟ್ಟಿದ್ರಾ? ಬೇರೆ ಕಾರಣ ಒಂದಿದ್ರೆ ಹೇಳು. ಇಲ್ದಿದ್ರೆ ನಾನೇ ಕೊಲ್ಲಿ ಅಂತ ಹೇಳ್ಬೇಕಾತ್ತ್.”

ಏನಾದರೂ ಒಂದು ಸುಳ್ಳು ಹೇಳಿಬಿಡೋಣ ಎನ್ನಿಸಿತು. ಆದರೆ ಹೇಗೆ ಹೇಳಲಿ? ಎದುರಿಗೆ ಮಕ್ಕಳಿದ್ದವು. “ಇಲ್ಲ ಡಾಕ್ಟ್ರೆ, ಯಾರೂ ಕೊಡ್ಲಿಲ್ಲ. ನಾ ಕೂತಲ್ಲಿ ಒಂದ್ ನೊಣ ಒಳ್ಗೆ ಹೋಪುಕಿಲ್ಲ” ಎಂದು ಹೇಳಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಪಟೇಲರು ಕೋವಿ ಎತ್ತಿದ ಸದ್ದಾಯಿತು.

“ಹ್ವಾಯ್ ಪಟೇಲ್ರೆ, ನಿಲ್ಲಿ! ನಿಲ್ಲಿ ಅಂದೆ!”

ನನ್ನ ಗಂಡ ಗುಂಪನ್ನು ಸೀಳಿಕೊಂಡು ಬಂದು ಗೂಡಿಗೆ ಬೆನ್ನು ಕೊಟ್ಟು ನಿಂತಿದ್ದ. “ನಾ ಕೊಟ್ಟದ್ದ್” ಎಂದ.

“ಎಂತ ಕೊಟ್ಟದ್ದ್?” ಎಂದರು ಡಾಕ್ಟರು.

“ಒಣಮೀನ್. ದಿನಾ ಸಂಜೆ ಹೊಳಿ ಬದಿಯಿಂದ ದೋಣಿಯಂಗೆ ಬಂದ್ ಕೊಡ್ತಿದ್ದೆ. ಇವ್ಳ್ ಹಾಕುವ ನಾಲ್ಕ್ ಸಣ್ಣ ಮೀನ್ ಅದ್ರ ಹಲ್ಲಿಗೂ ಸಾಕಾತಿಲ್ಲ. ಹೊಟ್ಟಿಗಿಲ್ದೆ ಸೊರ್ಗಿತ್ತ್ ಪಾಪ.” ಅವನು ನೆಲ ನೋಡಿದ. “ಅದ್ನ ಕಾಂಬುಕೆ ಹೋಪಾಗ ಬರಿ ಕೈಯಂಗೆ ಹ್ಯಾಂಗ್ ಹೋಪುದ್ ಡಾಕ್ಟ್ರೆ?”

ಕೋಡಿಯವರೆಲ್ಲ ಗೊಳ್ಳೆಂದು ನಕ್ಕರು. “ಓ ಗುಡ್ಡ! ಚರ್ಮ ಮಾರುವ ಗಿರಾಕಿ!” ಎಂದು ಯಾರೋ ಕೂಗಿದರು. ನನ್ನ ಗಂಡನ ಕಿವಿ ಕೆಂಪಾಯಿತು, ಆದರೂ ಜಾಗ ಬಿಟ್ಟು ಕದಲಲಿಲ್ಲ.

ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು. “ಅಂದ್ರೆ ನಮ್ಮ್ ಅಟ್ಟದ್ ಇಲಿ ನೀವೆಯಾ? ಜಲಜಂಗೆ ಇಟ್ಟ ನಂಗು ಮೀನಾ? ಆ ಪುಷ್ಪನ್ ಬೆಕ್ಕಿಗೆ ಪೊರ್ಕೆ ಬಿಸಾಡಿದಾಗ್ಳಾದ್ರೂ ಬಾಯ್ ಬಿಡ್ಬಾರ್ದಿತ್ತಾ ಮಾರಾಯ್ರೆ!”

“ಹೇಳಿದ್ರೆ ನೀ ಬಿಡ್ತಿದ್ಯಾ?” ಎಂದ ಅವನು ಸಣ್ಣ ದನಿಯಲ್ಲಿ.

ಡಾಕ್ಟರು ನಗಲೂ ಇಲ್ಲ, ಬೈಯಲೂ ಇಲ್ಲ. ಎಷ್ಟು ಕೊಟ್ಟೆ, ಎಂದಿನಿಂದ ಕೊಟ್ಟೆ, ಉಪ್ಪು ತೊಳೆದಿದ್ದೆಯಾ ಎಂದು ಕೇಳಿದರು. ತೊಳೆದರೆ ರುಚಿ ಹೋಗುತ್ತದೆಂದು ತೊಳೆದಿರಲಿಲ್ಲವಂತೆ! ಡಾಕ್ಟರು ಪಟೇಲರ ಕಡೆ ತಿರುಗಿದರು. “ಮೈಗೆ ಉಪ್ಪು ಏರಿ, ಕುಡಿಯಲು ನೀರು ಸಾಲದೆ ಹೋದರೆ ಹೀಗೇ ಆಗುತ್ತದೆ. ಮದರಾಸಿನಲ್ಲಿ ಹಂದಿಗಳಲ್ಲಿ ಕಂಡಿದ್ದೇನೆ. ಇದು ಹುಚ್ಚಲ್ಲ ಎಂದು ಆಣೆ ಮಾಡಲಾರೆ. ಗೂಡಿಗೆ ಬೀಗ ಹಾಕುತ್ತೇನೆ, ಯಾರೂ ಮುಟ್ಟುವುದು ಬೇಡ. ಸಂಜೆಯವರೆಗೆ ಸಮಯ ಕೊಡಿ.”

ಪಟೇಲರು ಕೋವಿ ಇಳಿಸಿ ಕಟ್ಟೆಯ ಮೇಲೆ ಕೂತರು. ಆದರೆ ಮನೆಗೆ ಹೋಗಲಿಲ್ಲ.

ನಾನು ಕೊಡದ ತುಂಬ ನೀರು ತಂದು ಸುರಿಯಲು ಹೊರಟೆ. ಡಾಕ್ಟರು ತಡೆದರು. ಒಮ್ಮೆಲೇ ಕುಡಿದರೆ ಮಿದುಳು ಊದಿಕೊಂಡು ಸಾಯುತ್ತದಂತೆ, ಗುಟುಕು ಗುಟುಕಾಗಿ ಕೊಡಬೇಕಂತೆ. ನನ್ನ ಗಂಡ ಉದ್ದದ ಬಿದಿರಿಗೆ ತೆಂಗಿನ ಚಿಪ್ಪು ಕಟ್ಟಿ, ಸರಳಿನ ನಡುವೆ ತೂರಿಸಿ, ಡಾಕ್ಟರು ಹೂಂ ಎಂದಾಗೊಮ್ಮೆ ಒಂದು ಗುಟುಕು ಕೊಟ್ಟ. ಮಳೆ ಸುರಿಯುತ್ತಲೇ ಇತ್ತು. ಗಂಜಿ ಕುಡಿದು ಬನ್ನಿ ಎಂದರೂ ಏಳಲಿಲ್ಲ. “ಕುಡಿ ಮಗಾ. ಸಾಕ್, ಸಾಕ್, ಮತ್ತೆ ಕೊಡ್ತೆ” ಎಂದು ಗುನುಗುತ್ತಿದ್ದ. ನನ್ನ ಜೊತೆ ಅಷ್ಟು ಮೆತ್ತಗೆ ಆ ಮನುಷ್ಯ ಮಾತಾಡಿದ್ದು ನನಗೆ ನೆನಪಿಲ್ಲ. ಅವನ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಕರಗಿಹೋಯಿತು.

ಮಧ್ಯಾಹ್ನ ಮತ್ತೊಮ್ಮೆ ಸೆಟೆತ ಬಂತು. ಪಟೇಲರು ಎದ್ದು ನಿಂತರು, ಡಾಕ್ಟರು ಬೇಡವೆಂದು ಕೈ ತೋರಿಸಿದರು. ಆಮೇಲೆ ಬರಲಿಲ್ಲ. ಹೊತ್ತು ಇಳಿಯುವಾಗ ಕುಷ್ಟ ತಲೆ ಎತ್ತಿದ. ನಾನು ಬಳೆ ಸದ್ದು ಮಾಡಿದೆ. ಆ ಮೋರೆ ನನ್ನ ಕಡೆ ತಿರುಗಿತು, ಈ ಸಲ ಕಣ್ಣುಗಳು ನನ್ನನ್ನು ಕಂಡವು. ಕೀಂ ಎಂದ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು, ಪಟೇಲರು ಕೋವಿ ಹೆಗಲಿಗೇರಿಸಿ ಮನೆಗೆ ಹೋದರು.

ಮುಂದಿನ ಆದಿತ್ಯವಾರದಿಂದ ಆ ಗೂಡಿನ ಮುಂದೆ ಹೇಳುವ ಕೆಲಸವನ್ನು ಡಾಕ್ಟರು ನನ್ನ ಗಂಡನಿಗೇ ಹಚ್ಚಿದರು. ಅವನು ನಾಲ್ಕು ಮಾರು ದೂರದಲ್ಲಿ, ಗೂಡಿಗೆ ಬೆನ್ನು ಹಾಕಿಕೊಂಡು ನಿಂತು, “ನಾ ಪ್ರೀತಿಯಂಗೆ ಕೊಟ್ಟದ್ದೇ. ಪ್ರೀತಿಯಂಗೆ ಕೊಟ್ರೂ ಸಾಯ್ತಿತ್ತ್. ನಿಮ್ಮ್ ಗಂಟ್ ಕಮಲನ್ ಹತ್ರ ಕೊಡಿ” ಎನ್ನುತ್ತಿದ್ದ. ಹಲಗೆ ಓದಿಯೂ ಲೆಕ್ಕಿಸದವರು ಅವನ ಮಾತು ಕೇಳಿ ಗಂಟು ಕೊಟ್ಟರು. ಕೋಡಿಯ ಮೀನುಗಾರರು ಅವನಿಗೆ ತಮಾಷೆ ಮಾಡುತ್ತಲೇ ಇದ್ದರು, ಆದರೆ ಆ ವರ್ಷ ನೀರುನಾಯಿ ಹೊಡೆದ ಸುದ್ದಿ ನನ್ನ ಕಿವಿಗೆ ಬೀಳಲಿಲ್ಲ.

ಇಷ್ಟೆಲ್ಲ ಆದರೂ ಅವನು ಕುಷ್ಟನ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. ಹುಚ್ಚಿನ ಭಯ ಕಳೆದು, ಡಾಕ್ಟರು ತೊಟ್ಟಿಯ ಬಿರುಕು ಮುಚ್ಚಿಸಿ, ಬೀಗ ತೆಗೆದು, ನಾನು ಮೊದಲಿನ ಹಾಗೆ ಒಳಗೆ ಹೋಗಿ ಮೀನು ಹಾಕತೊಡಗಿದರೂ ಅವನು ಹೊರಗೇ. ಒಂದು ದಿನ ನಾನೇ ಕೇಳಿದೆ.

“ಎಂತ ಹಿಡ್ಕಂಡ್ ಹೋಪುದ್?” ಎಂದ. “ಅದ್ ಬಪ್ಪುದ್ ಮೀನಿಗ್ ಮಾರಾಯ್ತಿ. ಈ ಬರಿ ಕೈ ಕಂಡ್ರೆ ಮೋರೆ ತಿರ್ಗ್ಸತ್ತ್. ಅದ್ನ್ ಕಾಂಬುಕೆ ನಂಗಾತಿಲ್ಲ.”

ಚೌತಿ ಕಳೆದ ಮರುದಿನ ನಾನು ಅವನ ರಟ್ಟೆ ಹಿಡಿದು ಎಳೆದುಕೊಂಡೇ ಹೋದೆ. ಗೂಡಿನ ಬಾಗಿಲು ತೆರೆದು ಒಳಗೆ ದೂಡಿದೆ. ಅವನು ಕುಕ್ಕರಗಾಲಿನಲ್ಲಿ ಕೂತು, ಎರಡೂ ಅಂಗೈಗಳನ್ನು ಬಿಡಿಸಿ ಮುಂದೆ ಚಾಚಿದ. “ಎಂತದೂ ತರ್ಲಿಲ್ಲ ಮಗಾ. ಕಾಣ್. ಎಂತದೂ ಇಲ್ಲ” ಎಂದ.

ಕುಷ್ಟ ತೊಟ್ಟಿಯಿಂದ ಎದ್ದ. ನೀರು ಕೊಡವಿಕೊಂಡು ಬಂದ. ಒಂದು ಅಂಗೈ ಮೂಸಿದ, ಇನ್ನೊಂದನ್ನು ಮೂಸಿದ. ಮೀನಿಲ್ಲವೆಂದು ಅವನಿಗೂ ತಿಳಿಯಿತು. ಹೋಗಲಿಲ್ಲ. ನನ್ನ ಗಂಡನ ಎರಡೂ ಖಾಲಿ ಅಂಗೈಗಳ ಮೇಲೆ ಗಲ್ಲ ಊರಿ, ಅಲ್ಲೇ ಮಲಗಿ ಕಣ್ಣು ಮುಚ್ಚಿದ.

ನನ್ನ ಗಂಡ ಕೈ ಅಲುಗಿಸದೆ ಕೂತೇ ಇದ್ದ. ಕೆನ್ನೆಯ ಮೇಲೆ ಇಳಿಯುವ ನೀರನ್ನು ಒರೆಸಿಕೊಳ್ಳಲೂ ಕೈಗೆ ಬಿಡುವಿರಲಿಲ್ಲ, ಕೊನೆಗೆ ನಾನೇ ಸೆರಗಿನಿಂದ ಒರೆಸಿದೆ.