ಅತ್ತೆಯ ಸೊಂಟದಲ್ಲಿದ್ದ ಕೀಲಿಕೈ

ನಮ್ಮ ಸೋದರಮಾವ ಯಾವ ಕುರ್ಚಿಯನ್ನೂ ಒಮ್ಮೆ ಅಲ್ಲಾಡಿಸಿ ನೋಡದೆ ಅದರ ಮೇಲೆ ಕೂತವರಲ್ಲ. ನೆಂಟರ ಮನೆಯ ಸೋಫಾ ಇರಲಿ, ಬ್ಯಾಂಕಿನ ಬೆಂಚಿರಲಿ, ಎರಡೂ ಕೈಯಿಂದ ಹಿಡಿದು ಕುಲುಕಿ, ಅದು ಪ್ರತಿಭಟಿಸದಿದ್ದರೆ ಮಾತ್ರ ಆಸೀನರಾಗುತ್ತಿದ್ದರು. ನಡಿಗೆಯೂ ಹಾಗೆಯೇ: ಮೊದಲು ಬೆರಳೂರಿ, ನೆಲದ ಸಮ್ಮತಿ ದೊರೆತ ಮೇಲೆ ಹಿಮ್ಮಡಿ ಇಳಿಸುವ ನಡಿಗೆ. ವೃತ್ತಿಯಿಂದ ಹಲ್ಲಿನ ಡಾಕ್ಟರು. ಅಲ್ಲಾಡುವುದನ್ನು ಕಂಡರೆ ಅವರಿಗಾಗದು ಎಂಬುದರಲ್ಲಿ ಆಶ್ಚರ್ಯವೇನೂ ಇಲ್ಲ.

"ಆಯ್ತು ಆಯ್ತು, ಮುಗೀತು" ಎಂಬುದು ಅವರ ಪಲ್ಲವಿ. ರೋಗಿ ಬಾಯಿ ತೆರೆದ ಕ್ಷಣದಿಂದಲೇ ಅದು ಶುರು. ಆಗಿರುವುದು ಮಾತ್ರ ಏನೂ ಇರುವುದಿಲ್ಲ. ನನ್ನ ದವಡೆಹಲ್ಲು ಕೀಳುವಾಗ ಅದೆಷ್ಟು ಸಲ ಹೇಳಿದರೆಂದರೆ, ಇಂದಿಗೂ ಯಾರಾದರೂ "ಆಯ್ತು" ಎಂದರೆ ನನ್ನ ಕೈ ತಾನಾಗಿ ಕೆನ್ನೆಗೆ ಹೋಗುತ್ತದೆ.

ಇಂಥ ಮಹಾಶಯರು ಭಾನುವಾರ ಬಂತೆಂದರೆ ತಮ್ಮ ಮುದಿ ಕಾರನ್ನು ಅಂಗಳದಲ್ಲಿ ಎತ್ತಿ, ಚಕ್ರ ಬಿಚ್ಚಿ, ಅದರಡಿಗೆ ತಲೆ ತೂರಿಸುತ್ತಿದ್ದರು. ಮೈಮೇಲೆ ಕ್ಲಿನಿಕ್ಕಿನಿಂದ ನಿವೃತ್ತವಾದ, ಗ್ರೀಸಿನಿಂದ ಕಪ್ಪಾದ ಬಿಳಿ ಕೋಟು. ಅದರ ಜೇಬಿನಲ್ಲಿ ಬ್ರೇಕಿನ ಹಿಂಬದಿ ನೋಡಲು ಹಲ್ಲಿನದೇ ಪುಟ್ಟ ಕನ್ನಡಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ತುಂಡು ಒತ್ತಿ, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಜಾಕಿನಿಂದ ಎತ್ತಿ, ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನಡಿಗೆ ಅಡ್ಡ ಮಲಗಿಸಿ, ಕೊನೆಗೆ ಕಬ್ಬಿಣದ ಸ್ಟ್ಯಾಂಡಿಟ್ಟು ಅದರ ಮೇಲೆ ಭಾರವನ್ನಿಳಿಸಿ, ಸೊಂಟದಿಂದ ಕಾರನ್ನೊಮ್ಮೆ ಗುದ್ದಿ ನೋಡುವವರೆಗೆ ಬೆಳಗಿನ ಅರ್ಧ ಕಳೆದಿರುತ್ತಿತ್ತು. "ಜಾಕ್ ಇರೋದು ಎತ್ತೋಕೆ, ಹೊತ್ಕೊಂಡು ನಿಲ್ಲೋಕಲ್ಲ" ಎನ್ನುತ್ತಿದ್ದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೋಡಿದ್ದೇನೆ, ಅದರ ನಾಲ್ಕನೆಯ ಕಾಲನ್ನು ತಾವೇ ಬಿಚ್ಚಿಡುವವರು ಇವರೊಬ್ಬರೇ ಎಂದು ಅತ್ತೆ ನಗುತ್ತಿದ್ದಳು.

ಇಷ್ಟಾದರೂ ಅವರು ಕಾರಿನಡಿಗೆ ಹೋಗುತ್ತಿರಲಿಲ್ಲ. ಕೊನೆಯ ವಿಧಿಯೊಂದಿತ್ತು. ಕಾರಿನ ಕೀಲಿಕೈಯನ್ನು ಅತ್ತೆಯ ಕೈಗಿಡಬೇಕು. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಾವ ಹೊರಬರುವ ತನಕ ಮಣೆ ಹಾಕಿಕೊಂಡು ಅಲ್ಲೇ ಕೂರಬೇಕು. ಯಾರೂ ಕಾರು ಹತ್ತುವಂತಿಲ್ಲ, ಬಾಗಿಲು ಮುಟ್ಟುವಂತಿಲ್ಲ. ಅತ್ತೆ ಬಟಾಣಿ ಸುಲಿಯುತ್ತಾ ಕೂರುತ್ತಿದ್ದಳು. ಅಡಿಯಿಂದ ಆಗಾಗ "ಆಯ್ತು ಆಯ್ತು" ಕೇಳುತ್ತಿತ್ತು. ಮದುವೆಯಾದಾಗಿನಿಂದ ನಡೆದು ಬಂದ ಪದ್ಧತಿಯಿದು.

ಒಂದು ಭಾನುವಾರ, ತುಂಡುಗಳನ್ನು ಇಡುತ್ತಿದ್ದಾಗ ಗೇಟಿನ ಬಳಿ ಕೆನ್ನೆ ಊದಿದವನೊಬ್ಬ ಬಂದು ನಿಂತ. ಮಾವ ಅಂದು ಕೀಲಿಕೈಯನ್ನು ಮೊದಲೇ ಅತ್ತೆಯ ಕೈಗಿಟ್ಟು ಎದ್ದು ಹೋಗಿ, ಬಿಸಿಲಿಗೆ ಅವನ ಬಾಯಿ ತೆರೆಸಿ, ಮಾತ್ರೆ ಹೇಳಿ ಕಳಿಸಿ, ತುಂಡುಗಳನ್ನೆಲ್ಲ ಇಟ್ಟೆನೆಂದುಕೊಂಡೇ ಕಾರನ್ನೆತ್ತಿದರು. ಚಕ್ರಗಳ ಮುಂಬದಿಯ ತುಂಡುಗಳನ್ನು ಇಟ್ಟಿರಲಿಲ್ಲ. ಹ್ಯಾಂಡ್ ಬ್ರೇಕ್ ಮೊದಲೇ ಸವೆದಿತ್ತು. ಚಕ್ರ ಬಿಚ್ಚಿ ಅಡಿಗೆ ಮಲಗಿಸಿ ಕೈ ಹಿಂದಕ್ಕೆಳೆದುಕೊಂಡದ್ದೇ ತಡ, ಕಾರು ಗೇಣುದ್ದ ಮುಂದೆ ಜಾರಿತು, ಜಾಕ್ ಉರುಳಿತು, ಅಷ್ಟು ಭಾರವೂ ಆ ಚಕ್ರದ ಮೇಲೆ ಧೊಪ್ಪೆಂದು ಕೂತಿತು.

ಮಾವನಿಗೆ ಭಯವಾಗುವುದರ ಬದಲು ಹೆಮ್ಮೆಯಾಯಿತು. "ನೋಡ್ದ್ಯಾ, ಅದಕ್ಕೇ ಚಕ್ರ ಮಲಗ್ಸೋದು" ಎಂದರು. ಅತ್ತೆ ಬಟಾಣಿ ಬುಟ್ಟಿಯನ್ನು ಕೆಳಗಿಟ್ಟು, ಸೊಂಟದಿಂದ ಕೀಲಿಕೈ ತೆಗೆದು ಅವರ ಅಂಗೈಗೆ ಹಾಕಿದಳು. "ಇನ್ನು ನಾನು ಕೂರಲ್ಲ ರೀ. ನನ್ನ ಕೈಲಾಗಲ್ಲ." ಬುಟ್ಟಿ ಎತ್ತಿಕೊಂಡು ಮನೆಯೊಳಗೆ ಹೋದಳು.

ಕಾರು ಆ ಚಕ್ರದ ಮೇಲೆ ಹಾಗೇ ನಿಂತಿತು. ಕೀಲಿಕೈಯನ್ನು ತಮ್ಮದೇ ಜೇಬಿಗೆ ಹಾಕಿಕೊಂಡು ಕಾರಿನಡಿಗೆ ನುಗ್ಗಿದ್ದರೆ ಕೇಳುವವರು ಯಾರಿದ್ದರು? ನುಗ್ಗಲಿಲ್ಲ. ಭಾನುವಾರಗಳಂದು ಕೋಟು ತೊಟ್ಟು ಕಾರನ್ನು ಸುತ್ತು ಹಾಕಿ, ಬಾನೆಟ್ಟು ಒರೆಸಿ ಒಳಗೆ ಬರುತ್ತಿದ್ದರು. ಮನುಷ್ಯ ಸೊರಗಿಯೇ ಹೋದರು. ನೋಡಲಾರದೆ ನಾನೇ ಹೇಳಿದೆ:

"ನಾನಿದ್ದೀನಲ್ಲ ಮಾವ, ಕೀ ಇಲ್ಲಿ ಕೊಡಿ."

"ನೀನು ಫೋನ್ ನೋಡ್ತಾ ಕೂರ್ತೀಯ," ಎಂದರು. "ಅವಳು ನನ್ನ ಕಾಲು ನೋಡ್ತಾ ಕೂರ್ತಾಳೆ."

ಒಳಗೆ ಬಟ್ಟೆ ಮಡಿಸುತ್ತಿದ್ದ ಅತ್ತೆಗೆ ಅದು ಕೇಳಿಸಿತೆಂದು ಕಾಣುತ್ತದೆ. ಮುಂದಿನ ಭಾನುವಾರ ಅವಳೇ ಅಂಗಳಕ್ಕಿಳಿದು, ಮರದ ತುಂಡುಗಳನ್ನು ಎತ್ತಿಕೊಂಡು, ಒಂದೊಂದನ್ನೂ ಚಕ್ರಕ್ಕೆ ಒತ್ತಿ ಕಾಲಿನಿಂದ ಒದ್ದು ನೋಡಿದಳು. "ಇನ್ಮೇಲೆ ಇದು ನನ್ನ ಕೆಲಸ. ಹ್ಯಾಂಡ್ ಬ್ರೇಕ್ ಬಿಗಿ ಮಾಡ್ಸೋ ತನಕ ಎತ್ತೋ ಹಾಗಿಲ್ಲ." ಮಾವ ಮೆಕ್ಯಾನಿಕ್ಕನ್ನು ಕರೆಸಿದರು. ಅದಾದ ಮೇಲಿನ ಭಾನುವಾರ ಕಾರು ಸ್ಟ್ಯಾಂಡಿನ ಮೇಲೆ ನಿಂತಾಗ ಸೊಂಟದಿಂದ ಗುದ್ದಿ ನೋಡಿದವಳೂ ಅತ್ತೆಯೇ, ಕಾರು ಮಿಸುಕಲಿಲ್ಲ. ಆಮೇಲೆ ಅಂಗೈ ಚಾಚಿದಳು.

ಮಾವ ಅಡಿಗೆ ಸರಿದರು. "ಆಯ್ತು ಆಯ್ತು, ಮುಗೀತು" ಎಂದಿತು ಕಾರಿನಡಿಯ ದನಿ.

"ಆಗಿಲ್ಲ ಅಂತ ಗೊತ್ತು. ನಿಧಾನವಾಗೇ ಮಾಡಿ," ಎಂದಳು ಅತ್ತೆ, ಬಟಾಣಿಯನ್ನು ಮುಟ್ಟದೆ.

ಇಂಥವರನ್ನು ಲೋಕ ಪುಕ್ಕಲರೆನ್ನುತ್ತದೆ, ಅಳೆದೂ ಸುರಿದೂ ಹೊತ್ತು ಕಳೆಯುವವರೆಂದು ನಗುತ್ತದೆ, ನಾನೂ ನಕ್ಕವನೇ. ಆದರೆ ಕುರ್ಚಿ ಕುಲುಕಿ ಕೂರುವ ಈ ಜನ ತಮ್ಮ ಪ್ರಾಣಕ್ಕಷ್ಟೇ ಹೆದರುವವರಲ್ಲ. ಹೊರಗೆ ಒಬ್ಬರು ಇವರ ಪಾದಗಳನ್ನೇ ನೋಡುತ್ತಾ ಉಸಿರು ಬಿಗಿಹಿಡಿದು ಕೂತಿದ್ದಾರೆಂಬುದನ್ನು ಅವರು ಮರೆಯಲಾರರು. ಆದ್ದರಿಂದಲೇ ಕೆಲಸದ ನಡುವೆ, ಕೆಲಸಕ್ಕೆ ಬೇಕಿಲ್ಲದಿದ್ದರೂ, ಆಗಾಗ ಕಾಲ್ಬೆರಳು ಅಲ್ಲಾಡಿಸುತ್ತಾರೆ.