ಮೂವತ್ತೊಂದನೇ ನಂಬರಿನ ಸ್ಲೈಡು

ಆಸ್ಪತ್ರೆಯ ಮೂರನೇ ಮಹಡಿಯ ಕಾರಿಡಾರಿನ ಎಡಕ್ಕೆ ಲಿವರ್ ಔಷಧದ ಅಧ್ಯಯನ ನಡೆಯುತ್ತಿತ್ತು, ಬಲಕ್ಕೆ ಬಾಯಿ ಕ್ಯಾನ್ಸರ್ ಪತ್ತೆ ಹಚ್ಚುವ ಅಧ್ಯಯನ. ನಡುವೆ ಎಂಟು ಹೆಜ್ಜೆ ಜಾಗ, ಒಂದು ಕುಡಿಯುವ ನೀರಿನ ಕ್ಯಾನು. ಆ ಕ್ಯಾನಿನ ಮುಂದೆ ಎರಡು ಕಡೆಯವರು ಎದುರಾದರೆ ಒಬ್ಬರು ಲೋಟ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದರು. ಓದಿದವರ ಜಗಳ ಹೀಗೇ ಇರುತ್ತದೆ. ಕೂಗಾಟವಿಲ್ಲ, ಆದರೆ ಹೊಟ್ಟೆಯುರಿಗೇನೂ ಕಡಿಮೆಯಿಲ್ಲ.

ಎಡಗಡೆಯ ಸಂಯೋಜಕನಿಗೆ ಇಡೀ ಮಹಡಿ ಇಟ್ಟ ಹೆಸರು ಟಾರ್ಚು. ಪೆನ್ನಿನಷ್ಟು ಉದ್ದದ ಒಂದು ಟಾರ್ಚು ಸದಾ ಅವನ ಅಂಗಿಯ ಜೇಬಿನಲ್ಲಿರುತ್ತಿತ್ತು. ಹೊಸ ಲಿವರ್ ಮಾತ್ರೆ ಕೆಲವರ ಬಾಯಲ್ಲಿ ಹುಣ್ಣು ಎಬ್ಬಿಸುತ್ತಿದ್ದುದರಿಂದ ವಾರಕ್ಕೊಮ್ಮೆ ಪ್ರತಿ ರೋಗಿಯ ಬಾಯಿ ತೆಗೆಸಿ ನೋಡುವುದು ಅವನ ಕೆಲಸ. "ಬಾಯಿ ತೆಗೀರಿ, ನಾಲಿಗೆ ಎತ್ತಿ, ಈ ಕಡೆ, ಆ ಕಡೆ" ಎಂದು ಅವನು ನಿದ್ದೆಯಲ್ಲೂ ಹೇಳಬಲ್ಲವನಾಗಿದ್ದ. ಮೂರು ವಾರ ಕಳೆದರೂ ಮಾಯದ ಹುಣ್ಣು ಕಂಡರೆ ಪುಟ್ಟ ಬ್ರಷ್ಷಿನಿಂದ ಅದನ್ನು ಉಜ್ಜಿ, ಬಂದದ್ದನ್ನು ಗಾಜಿನ ಸ್ಲೈಡಿಗೆ ಸವರಿ, ಹೆಸರು ಬರೆಯದೆ ಬರೀ ನಂಬರು ಅಂಟಿಸಿ ಬಲಗಡೆಗೆ ಕಳಿಸಬೇಕು. ಯಾವ ನಂಬರು ಯಾರದು ಎಂಬ ಪಟ್ಟಿ ಅವನ ಬೀರುವಿನಲ್ಲೇ ಇರುತ್ತಿತ್ತು.

ಬಲಗಡೆ ಆ ಸ್ಲೈಡುಗಳನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡುತ್ತಿದ್ದವಳು ಅವನ ಒಡಹುಟ್ಟಿದ ಅಕ್ಕ.

ಅಕ್ಕನ ಜೊತೆ ಅವನು ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಅಪ್ಪನಿಗೆ ಲಿವರಿನಲ್ಲಿ ಗಡ್ಡೆ ಎಂದು ಗೊತ್ತಾದಾಗ ಮನೆಮಂದಿಯೆಲ್ಲ ಸೇರಿ, ಅವರಿಗೆ ಹೇಳುವುದು ಬೇಡವೆಂದು ತೀರ್ಮಾನಿಸಿದ್ದರು. ಅಪ್ಪ ಹಾಸಿಗೆಯ ಮೇಲೆ ಎದ್ದು ಕೂತು ಕೇಳಿದರು, "ನನಗೇನಾಗಿದೆ?" ಮಗ "ಸ್ವಲ್ಪ ಊತ, ಹೋಗುತ್ತೆ" ಎಂದ. ಮಗಳು ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದರು, ಏಳು ವಾರಕ್ಕೆ ಹೋದರು. ರೋಗ ಕೊಂದದ್ದಲ್ಲ, ಅಕ್ಕನ ನಾಲಿಗೆ ಕೊಂದದ್ದು ಎಂಬ ಮಾತು ಅವನ ಎದೆಯಲ್ಲಿ ಕಲ್ಲಾಗಿ ಕೂತಿತು. "ಅವರೇ ಕೇಳಿದ್ರು ಕಣೋ" ಎಂದು ಅಮ್ಮ ಎಷ್ಟು ಸಲ ಹೇಳಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ಕೆಲಸಕ್ಕಾಗಿ ಮಾತಾಡಲೇಬೇಕಾದರೆ ಅವಳನ್ನು "ಮೇಡಂ" ಎನ್ನುತ್ತಿದ್ದ. ಆ ಒಂದು ಪದದಲ್ಲಿ ಎಷ್ಟು ವಿಷ ತುಂಬಬಹುದೋ ಅಷ್ಟನ್ನೂ ತುಂಬುತ್ತಿದ್ದ.

ಮೂವತ್ತು ರೋಗಿಗಳಿಂದ ಶುರುವಾದ ಲಿವರ್ ಅಧ್ಯಯನದಲ್ಲಿ ಈಗ ಇಪ್ಪತ್ತು ಜನ ಉಳಿದಿದ್ದರು. ಕೆಲವರು ಊರು ಬಿಟ್ಟಿದ್ದರು, ಕೆಲವರು ತೀರಿಹೋಗಿದ್ದರು. ಮೂವರನ್ನು ಮಾತ್ರ ಅಕ್ಕ ಕೆಡವಿದ್ದಳು. ಅವಳು "ಅನುಮಾನವಿದೆ" ಎಂದು ಬರೆದರೆ ಆ ರೋಗಿಗೆ ಅಂದೇ ಮಾತ್ರೆ ನಿಲ್ಲಬೇಕು, ಬಾಯಿಯಿಂದ ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸಬೇಕು. ಆ ಮೂವರಲ್ಲಿ ಇಬ್ಬರಿಗೆ ನಿಜವಾಗಿಯೂ ಕ್ಯಾನ್ಸರ್ ಇತ್ತು, ಒಬ್ಬರಿಗೆ ಇರಲಿಲ್ಲ. ಎಡಗಡೆಯವರು ಮಾತಾಡಿದ್ದೆಲ್ಲ ಆ ಒಬ್ಬರ ಬಗ್ಗೆಯೇ.

"ಇನ್ನೊಬ್ಬರು ಹೋದ್ರೆ ಅಂಗಡಿ ಮುಚ್ಚಿದ ಹಾಗೆ" ಎಂದರು ಎಡಗಡೆಯ ದೊಡ್ಡ ಡಾಕ್ಟರು. ಅವರಿಗೆ ಕೋಪ ಬಂದಾಗ ಮೊದಲು ಕೆಂಪಾಗುತ್ತಿದ್ದುದು ಕಿವಿ. "ಇಪ್ಪತ್ತಕ್ಕಿಂತ ಕಡಿಮೆಯಾದ್ರೆ ಆಸ್ಪತ್ರೆಯ ಸಮಿತಿ ಅಧ್ಯಯನ ನಿಲ್ಲಿಸುತ್ತೆ. ನಿಮ್ಮ ಅಕ್ಕನಿಗೆ ಗಾಜಿನಲ್ಲಿ ಧೂಳು ಕಂಡರೂ ಕ್ಯಾನ್ಸರ್ರೇ."

"ಅವಳು ನನಗೆ ಅಕ್ಕ ಅಲ್ಲ ಸರ್."

ಅವನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು, ಅದು ನ್ಯಾಯವಾದದ್ದೇ. ರೋಗಿಗಳಲ್ಲಿ ಒಬ್ಬ ಬಸ್ ಡ್ರೈವರ್. ಬಂದಾಗ ಹೊಟ್ಟೆಯಲ್ಲಿ ನೀರು ತುಂಬಿ ಚಪ್ಪಲಿ ಹಾಕಿಕೊಳ್ಳಲು ಬಗ್ಗಲಾರದವನಾಗಿದ್ದ. ಈಗ ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಲೇ ತಮಾಷೆ ಮಾಡುತ್ತಿದ್ದ. ಅಧ್ಯಯನ ನಿಂತರೆ ಅವನ ಮಾತ್ರೆಯೂ ನಿಲ್ಲುತ್ತದೆ. ಅಪ್ಪನಿಗೆ ಸಿಗದ ಮಾತ್ರೆ ಇವನಿಗಾದರೂ ಸಿಗಲಿ ಎಂದು ಟಾರ್ಚು ಹಲ್ಲು ಕಚ್ಚಿ ದುಡಿಯುತ್ತಿದ್ದ.

ಉಪಾಯ ಹೊಳೆದದ್ದು ದೊಡ್ಡ ಡಾಕ್ಟರಿಗೆ. "ಆರೋಗ್ಯವಾಗಿರೋರ ಬಾಯಿಂದ ಒಂದು ಸ್ಲೈಡ್ ಮಾಡಿ, ರೋಗಿ ಅಂತ ಕಳಿಸೋಣ. ಅದಕ್ಕೂ ಕ್ಯಾನ್ಸರ್ ಅಂದ್ರೆ ಸಮಿತಿ ಮುಂದೆ ಇಡೋಣ. ಆಮೇಲೆ ಆಕೆ ಬರೆದದ್ದನ್ನ ಯಾರು ನಂಬ್ತಾರೆ?"

"ಯಾರ ಬಾಯಿ ಸರ್?"

"ನಿಮ್ಮದೇ ಕೊಡಿ. ಸಿಗರೇಟಿಲ್ಲ, ಕುಡಿತ ಇಲ್ಲ. ನಿಮಗಿಂತ ಆರೋಗ್ಯವಂತರು ಬೇಕಾ?"

ಟಾರ್ಚು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಅವನ ಬಲಗಡೆಯ ಹಿಂದಿನ ದವಡೆ ಹಲ್ಲು ಮುರಿದಿತ್ತು. ಅದರ ಚೂಪು ತಾಗಿ ತಾಗಿ ನಾಲಿಗೆಯ ಅಂಚು ಒರಟಾಗಿತ್ತು, ಹುಳಿ ಸೋಕಿದರೆ ಚುರುಗುಟ್ಟುತ್ತಿತ್ತು. ಹಲ್ಲು ಕೀಳಿಸಬೇಕೆಂದು ಯಾವಾಗಿನಿಂದಲೋ ಅಂದುಕೊಳ್ಳುತ್ತಿದ್ದ. ಬೇರೆ ಎಲ್ಲಿ ಬೇಕಾದರೂ ಉಜ್ಜಬಹುದಿತ್ತು. ಅಲ್ಲೇ ಉಜ್ಜಿದ. ಕೆರಳಿದ ಜಾಗದ ಕೋಶಗಳು ಸ್ವಲ್ಪ ವಿಕಾರವಾಗಿ ಕಾಣುತ್ತವೆ, ಅವಳು ಎಡವಿ ಬೀಳಲಿ ಎಂಬುದು ಅವನ ಲೆಕ್ಕ. ಬ್ರಷ್ಷಿಗೆ ರಕ್ತ ಹತ್ತಿತು. ಟಾರ್ಚು ಜೇಬಿನಲ್ಲೇ ಇತ್ತು, ಎದುರಿಗೆ ಕನ್ನಡಿ ಇತ್ತು. ಹತ್ತಾರು ಜನರ ಬಾಯನ್ನು ವಾರವಾರ ನೋಡುವವನಿಗೆ ತನ್ನ ಬಾಯಿ ನೋಡಿಕೊಳ್ಳಬೇಕೆಂದು ಅನ್ನಿಸಲೇ ಇಲ್ಲ. ಸ್ಲೈಡಿಗೆ ಮೂವತ್ತೊಂದು ಎಂಬ ನಂಬರು ಅಂಟಿಸಿದ. ಮೂವತ್ತೇ ಜನರ ಅಧ್ಯಯನದಲ್ಲಿ ಅಂಥ ನಂಬರಿನ ರೋಗಿಯೇ ಇರಲಿಲ್ಲ, ಅದು ಅಕ್ಕನಿಗೆ ಗೊತ್ತಿರಲಿಲ್ಲ.

ಎರಡನೇ ದಿನ ವರದಿ ಬಂತು. ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ಬರೆದಿದ್ದಳು: "ಬಲವಾದ ಅನುಮಾನ. ರೋಗಿಯನ್ನು ತಕ್ಷಣ ಕರೆಸಿ."

ದೊಡ್ಡ ಡಾಕ್ಟರು ಮೇಜು ಕುಟ್ಟಿ ಕುಟ್ಟಿ ನಕ್ಕರು. ಟಾರ್ಚು ಕೂಡ ನಕ್ಕ. ಇಷ್ಟು ಬೇಗ, ಇಷ್ಟು ಸಲೀಸಾಗಿ ಸಿಕ್ಕಿಬೀಳುತ್ತಾಳೆಂದು ಅವನು ಎಣಿಸಿರಲಿಲ್ಲ. ನಾಲ್ಕು ವರ್ಷದಲ್ಲಿ ಅಷ್ಟು ಹಗುರಾಗಿ ಅವನು ಉಸಿರಾಡಿರಲಿಲ್ಲ. ಸಮಿತಿಯ ಸಭೆಗೆ ಇನ್ನೂ ಒಂಬತ್ತು ದಿನವಿತ್ತು. ಅಲ್ಲಿಯವರೆಗೆ ಬಾಯಿ ಬಿಡಬಾರದೆಂದು ಇಬ್ಬರೂ ಮಾತಾಡಿಕೊಂಡರು.

ಮಾರನೆಯ ದಿನವೇ ಅಕ್ಕ ಆ ಎಂಟು ಹೆಜ್ಜೆ ದಾಟಿ ಬಂದಳು. ನಾಲ್ಕು ವರ್ಷದಲ್ಲಿ ಅದೇ ಮೊದಲು.

"ಮೂವತ್ತೊಂದನ್ನ ಕರೆಸಿದ್ಯಾ?"

"ಕರೆಸ್ತೀವಿ ಮೇಡಂ. ನಮ್ಮ ಕೆಲಸ ನಮಗೆ ಗೊತ್ತು."

"ಹೆಸರು ನನಗೆ ಬೇಡ, ಊರೂ ಬೇಡ. ಈ ವಾರ ತುಂಡು ತೆಗೀಬೇಕು, ಅಷ್ಟೇ."

"ಗಡಿಬಿಡಿ ಮಾಡೋದು, ಹೆದರಿಸೋದು ನಿಮಗೆ ಹುಟ್ಟುಗುಣ ಅಲ್ವಾ?"

ಅವಳ ಮುಖ ಸಣ್ಣದಾಯಿತು. ತಿರುಗಿ ಹೋದಳು. ಅವಳ ಬೆನ್ನು ನೋಡಿ ಅವನಿಗೆ ಹೊಟ್ಟೆ ತಣ್ಣಗಾಯಿತು. ಇದನ್ನು ಮುಚ್ಚಿಡುವುದೇಕೆ, ಅಷ್ಟು ಕೆಟ್ಟದಾಗಿತ್ತು ಅವನ ಮನಸ್ಸು.

ಅವಳು ಬಿಡಲಿಲ್ಲ. ಮೂರು ದಿನ ಬಿಟ್ಟು ಮತ್ತೆ ಬಂದಳು, ಒಂದು ಚೀಟಿಯನ್ನೂ ಕಳಿಸಿದಳು. ಒಮ್ಮೆ ನೀರಿನ ಕ್ಯಾನಿನ ಹತ್ತಿರ ಅಡ್ಡ ನಿಂತು, "ಆ ಮನುಷ್ಯನಿಗೆ ಹೆಂಡತಿ ಮಕ್ಕಳು ಇರಲ್ವೇನೋ? ನನ್ನ ಮೇಲಿನ ಸಿಟ್ಟನ್ನ ಅವನ ಮೇಲೆ ಯಾಕೆ ತೀರಿಸ್ಕೋತೀಯಾ?" ಎಂದಳು. ಅವನು ಲೋಟ ತುಂಬಿಸಿಕೊಂಡು, ಒಂದು ಗುಟುಕು ಕುಡಿದು, "ಅವನು ಗುಂಡುಕಲ್ಲಿನ ಹಾಗಿದ್ದಾನೆ ಮೇಡಂ" ಎಂದ. ತಣ್ಣೀರು ನಾಲಿಗೆಯ ಅಂಚಿಗೆ ಚುರುಕ್ಕೆಂದಿತು.

ಆ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ಅಮ್ಮ ಅವನನ್ನೇ ನೋಡುತ್ತಿದ್ದರು. "ಒಂದೇ ಕಡೆ ಅಗೀತೀಯಲ್ಲೋ, ಎಷ್ಟು ದಿನದಿಂದ ಹೀಗೆ?"

"ಹಲ್ಲು ಅಮ್ಮ."

"ಅಕ್ಕನಿಗಾದ್ರೂ ತೋರಿಸು."

"ಅವಳ ಹೆಸರು ಎತ್ತಿದ್ರೆ ಊಟ ಬಿಟ್ಟು ಏಳ್ತೀನಿ."

ಅಮ್ಮ ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು. ಅವನು ಎಡಗಡೆಯ ದವಡೆಯಲ್ಲೇ ಅಗಿದು ಮುಗಿಸಿದ.

ಸಭೆ ಬೆಳಿಗ್ಗೆ ಹತ್ತೂವರೆಗೆ. ಉದ್ದನೆಯ ಮೇಜಿನ ತುದಿಯಲ್ಲಿ ಸಮಿತಿಯ ಅಧ್ಯಕ್ಷೆ, ಅವರ ಎರಡು ಪಕ್ಕದಲ್ಲಿ ಎಡಗಡೆಯವರು ಮತ್ತು ಬಲಗಡೆಯವರು. ದೊಡ್ಡ ಡಾಕ್ಟರು ಒಳ್ಳೆಯ ಅಂಗಿ ಹಾಕಿಕೊಂಡು ಬಂದಿದ್ದರು. ವರದಿಯನ್ನು ಮೇಜಿನ ಮೇಲಿಟ್ಟು ಕೇಳಿದರು, "ಇದು ನಿಮ್ಮ ಬರಹ ತಾನೇ?"

"ಹೌದು" ಎಂದಳು ಅಕ್ಕ. "ಆ ರೋಗಿ ಎಲ್ಲಿ? ಹನ್ನೊಂದು ದಿನ ಆಯ್ತು ಸ್ಲೈಡ್ ಬಂದು."

"ತಪ್ಪಾಗಿರಬಹುದಾ?"

"ಸ್ಲೈಡನ್ನ ಮೂರು ಸಲ ನೋಡಿದ್ದೀನಿ. ಇನ್ನಿಬ್ಬರಿಗೂ ತೋರಿಸಿದ್ದೀನಿ. ಇದರಲ್ಲಿ ತಪ್ಪಿಲ್ಲ."

ದೊಡ್ಡ ಡಾಕ್ಟರು ಅಧ್ಯಕ್ಷೆಯ ಕಡೆ ತಿರುಗಿದರು. ಅವರ ದನಿಯಲ್ಲಿ ಬೆಲ್ಲ ಸುರಿಯುತ್ತಿತ್ತು. "ಮೂವತ್ತೊಂದನೇ ರೋಗಿ ಅಂತ ಯಾರೂ ಇಲ್ಲ. ಇವರನ್ನ ಪರೀಕ್ಷಿಸೋಕೆ ನಾವು ಕಳಿಸಿದ್ದು ಆರೋಗ್ಯವಂತರೊಬ್ಬರ ಬಾಯಿಯ ಸ್ಲೈಡು. ಇಗೋ, ಆ ಕ್ಯಾನ್ಸರ್ ರೋಗಿ ಇಲ್ಲೇ ಕೂತಿದ್ದಾರೆ" ಎಂದು ಟಾರ್ಚಿನ ಬೆನ್ನು ತಟ್ಟಿದರು.

ಎಡಗಡೆಯವರು ಗೊಳ್ಳೆಂದು ನಕ್ಕರು. ಟಾರ್ಚು ಅಕ್ಕನ ಮುಖ ನೋಡಿದ. ಒಂಬತ್ತು ದಿನದಿಂದ ಇದೇ ಗಳಿಗೆಗೆ ಕಾದಿದ್ದ. ಅವಳ ಮುಖ ನಾಚಿಕೆಯಿಂದ ಕೆಂಪಾಗಬೇಕಿತ್ತು, ಅಥವಾ ಸಿಟ್ಟಿನಿಂದ. ಅದು ಸುಣ್ಣ ಬಳಿದ ಗೋಡೆಯಂತೆ ಬಿಳುಚಿತು. ಕುರ್ಚಿ ಹಿಂದಕ್ಕೆ ಬಿದ್ದದ್ದೂ ಗೊತ್ತಾಗದೆ ಅವಳು ಎದ್ದು ನಿಂತಳು.

"ನಿನ್ನದಾ? ನಿಜ ಹೇಳು. ನಿನ್ನ ಬಾಯಿದೇನೋ?"

"ನನ್ನದೇ ಮೇಡಂ. ನಾನಿನ್ನೂ ಸತ್ತಿಲ್ಲ, ಕ್ಷಮಿಸಿ."

ಮತ್ತೆ ನಗು. ಅವಳು ಅಧ್ಯಕ್ಷೆಗೆ ಹೇಳಿದಳು, "ನಾನು ತಪ್ಪು ಅಂತ ಬರ್ಕೊಳ್ಳಿ ಮೇಡಂ. ನಮ್ಮ ಅಧ್ಯಯನ ಮುಚ್ಚಿ, ನನ್ನನ್ನ ಕೆಲಸದಿಂದ ತೆಗೀರಿ, ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಆದ್ರೆ ಇವನ ಬಾಯಿ ಈಗಲೇ ನೋಡ್ಬೇಕು." ಯಾರೂ ಒಪ್ಪಿಗೆ ಕೊಡುವ ಮೊದಲೇ ಮೇಜು ಸುತ್ತಿ ಬಂದು ಅವನ ಜೇಬಿಗೆ ಕೈ ಹಾಕಿ ಟಾರ್ಚು ಕಿತ್ತುಕೊಂಡಳು.

"ನಾಟಕ ಸಾಕು" ಎಂದ ಅವನು.

"ಬಾಯಿ ತೆಗಿ."

"ತೆಗೆಯಲ್ಲ."

"ಅಮ್ಮನ ಮುಂದೆ ತೆಗೆಸಲಾ?"

ಸಭೆಯಲ್ಲಿ ನಗು ನಿಂತಿತ್ತು. ಅವಳ ಕೈ ನಡುಗುತ್ತಿತ್ತು. ಸ್ಲೈಡು ಹಿಡಿಯುವ ಆ ಕೈ ನಡುಗಿದ್ದನ್ನು ಅವನು ಎಂದೂ ನೋಡಿರಲಿಲ್ಲ. ಅಪ್ಪನ ಹಾಸಿಗೆಯ ಪಕ್ಕದಲ್ಲೂ ಅದು ನಡುಗಿರಲಿಲ್ಲ. ಅವನಿಗೆ ಮೊದಲ ಬಾರಿ ಹೆದರಿಕೆಯಾಯಿತು. ಬಾಯಿ ತೆಗೆದ.

ಅವಳು ಕರವಸ್ತ್ರದಲ್ಲಿ ಅವನ ನಾಲಿಗೆಯ ತುದಿ ಹಿಡಿದು ಎಡಕ್ಕೆ ಎಳೆದಳು. ಬೆಳಕು ಬಲಗಡೆಯ ಅಂಚಿನಲ್ಲಿ ನಿಂತಿತು, ಬಹಳ ಹೊತ್ತು ನಿಂತಿತು. ಆಮೇಲೆ ಟಾರ್ಚು ಆರಿಸಿ, ಅವನ ದವಡೆಯ ಕೆಳಗೆ ಬೆರಳಿಟ್ಟು ಒತ್ತುತ್ತ ಬಂದಳು. ಒಂದು ಕಡೆ ಬೆರಳು ನಿಂತಿತು. ಮುಂದೆ ಹೋಗಿ, ಮತ್ತೆ ಅಲ್ಲಿಗೇ ಬಂತು.

ದೊಡ್ಡ ಡಾಕ್ಟರ ಕಿವಿ ಕೆಂಪಾಗಿರಲಿಲ್ಲ. ಅವರು ವರದಿಯ ಮೇಲಿನ ಕೆಂಪು ಗೆರೆಗಳನ್ನು ನೋಡುತ್ತಿದ್ದರು.

"ಏನಿದೆ?" ಎಂದ ಟಾರ್ಚು.

"ಏನಿಲ್ಲ" ಎಂದಳು ಅಕ್ಕ. "ಹಲ್ಲು ತಾಗಿದೆ ಅಷ್ಟೇ. ಸ್ವಲ್ಪ ಊತ. ಹೋಗುತ್ತೆ. ಬೆಳಿಗ್ಗೆ ತಿಂಡಿ ತಿಂದ್ಯಾ ನೀನು?"

ಸ್ವಲ್ಪ ಊತ, ಹೋಗುತ್ತೆ. ಅದು ಅವನದೇ ಮಾತು, ನಾಲ್ಕು ವರ್ಷದ ಹಿಂದೆ ಅಪ್ಪನಿಗೆ ಹೇಳಿದ್ದು. ಎದುರಿಗಿರುವವರು ಸುಳ್ಳು ಹೇಳುತ್ತಿದ್ದಾರೆಂದು ಗೊತ್ತಾದಾಗ ಮನುಷ್ಯ ಎಷ್ಟು ಒಂಟಿಯಾಗುತ್ತಾನೆಂದು ಅವನಿಗೆ ಆಗ ತಿಳಿಯಿತು. ಅಪ್ಪ ಯಾಕೆ ಎದ್ದು ಕೂತು ಕೇಳಿದರು ಎಂಬುದೂ ತಿಳಿಯಿತು.

"ಅಕ್ಕ" ಎಂದ. ನಾಲ್ಕು ವರ್ಷದ ಮೇಲೆ, ಅಷ್ಟೂ ಜನರ ಮುಂದೆ. "ಅಪ್ಪನಿಗೆ ಹೇಳಿದ ಹಾಗೆ ಹೇಳು."

ಅವಳು ಕಣ್ಣೊರೆಸಿಕೊಂಡು, ಬಿದ್ದಿದ್ದ ಕುರ್ಚಿಯನ್ನು ಎತ್ತಿ ತಂದು, ಅವನ ಹತ್ತಿರಕ್ಕೆ ಎಳೆದುಕೊಂಡು ಕೂತು, ಹೇಳಿದಳು.