ಸೆಲ್ಮರನ ಪಾತ್ರೆ

ಮಿನೆಸೋಟದ ನಮ್ಮ ಪುಟ್ಟ ಊರಿನ ಚರ್ಚಿನ ಅಡುಗೆಮನೆಗೆ ಹದಿನೆಂಟು ವರ್ಷದಿಂದ ನಾನೇ ಯಜಮಾನಿ. ಉಪ್ಪಿನ ಡಬ್ಬಿ ಜಾಗ ಬದಲಿಸಬೇಕಾದರೂ ನನ್ನನ್ನು ಕೇಳಬೇಕು. ಥ್ಯಾಂಕ್ಸ್‌ಗಿವಿಂಗ್ ಎಂಬ ನವೆಂಬರಿನ ಸುಗ್ಗಿಹಬ್ಬದ ಊಟಕ್ಕೆ ಪ್ರತಿ ಮನೆಯಿಂದಲೂ ಒಂದು ಅಡುಗೆಯ ಪಾತ್ರೆ ಬರುತ್ತದೆ, ತಳದಲ್ಲಿ ಹೆಸರು ಬರೆದ ಅಂಟುಪಟ್ಟಿ. ಊಟವಾದ ಮೇಲೆ ಯಾರ ಪಾತ್ರೆ ಖಾಲಿ, ಯಾರದು ಉಳಿಯಿತು ಎಂದು ಎಲ್ಲರೂ ಓರೆಗಣ್ಣಿನಿಂದ ನೋಡುತ್ತಾರೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

ಸೆಲ್ಮರ್ ನನ್ನ ಜೊತೆ ಶಾಲೆಯಲ್ಲಿ ಓದಿದವನು. ಹೆಂಡತಿ ವರ್ನಾ ತೀರಿಕೊಂಡ ವರ್ಷ ಅವನೇ ನಮ್ಮ ಕಡೆಯ ಕೆರೆಗಳಲ್ಲಿ ಬೆಳೆಯುವ ಕಾಡಕ್ಕಿಗೆ ಅಣಬೆ ಹಾಕಿ ಬೇಯಿಸಿ ತಂದ. ಅವಳು ಪ್ರತಿವರ್ಷ ಮಾಡುತ್ತಿದ್ದ ಅಡುಗೆ ಅದು. ಆದರೆ ಅವನ ಮನೆಯಲ್ಲಿ ಐದು ಬೆಕ್ಕು, ಕೋಟಿನ ತುಂಬ ಕೂದಲು. ಇದನ್ನು ಯಾರು ತಿನ್ನುತ್ತಾರೆ ಎಂದು ಮುಚ್ಚಳ ಕೂಡ ತೆಗೆಯದೆ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲಿಟ್ಟೆ. ಆಮೇಲೆ ಕಸದ ಬುಟ್ಟಿಗೆ ಸುರಿದು, ಪಾತ್ರೆ ತೊಳೆದಿಟ್ಟೆ. ಎಲ್ಲರಿಗೂ ಕಾಫಿ ಕೊಟ್ಟು ಕೊನೆಗೆ ಉಣ್ಣುವ ಸೆಲ್ಮರನಿಗೆ ಇದು ತಿಳಿಯಲಿಲ್ಲ.

"ಎಲ್ಲಾ ಖಾಲಿಯಾಯ್ತಾ ಆರ್ಡಿಸ್?" ಎಂದ.

"ಒಂದಗುಳೂ ಉಳೀಲಿಲ್ಲ ಕಣೋ."

ನಾಲ್ಕು ವರ್ಷ ಇದೇ ನಾಟಕ. ಅವನ ಮನಸ್ಸು ನೋಯಿಸದೆ ಉಪಕಾರ ಮಾಡುತ್ತಿದ್ದೇನೆಂದು ನಂಬಿದ್ದೆ, ನಾಚಿಕೆಗೆಟ್ಟವಳು.

ಐದನೆಯ ವರ್ಷ ಅವನು ದೊಡ್ಡ ಪಾತ್ರೆಯನ್ನೇ ಹೊತ್ತು ತಂದ.

"ಪ್ರತಿ ಸಲ ನಂಗೇ ಒಂದು ತುತ್ತು ಸಿಗಲ್ಲ ನೋಡು. ಅದಕ್ಕೇ ಎರಡರಷ್ಟು ಮಾಡಿದೀನಿ. ವರ್ನಾ ಇದ್ದಿದ್ರೆ ನನ್ನ ಜಂಬ ನೋಡಿ ನಗ್ತಿದ್ಲು."

ಆಗಲಾದರೂ ಮೇಜಿನ ಮೇಲೆ ಇಡಬೇಕಿತ್ತು. ಇಡಲಿಲ್ಲ. ಚಮಚದಿಂದ ಕೆರೆದು ಬುಟ್ಟಿಗೆ ಹಾಕುತ್ತಿರುವಾಗ ಬಾಗಿಲ ಸದ್ದಾಯಿತು. ಸೆಲ್ಮರ್ ಖಾಲಿ ತಟ್ಟೆ ಹಿಡಿದು ನಿಂತಿದ್ದ.

"ಮೇಜಿನ ಮೇಲೆ ಕಾಣಿಸ್ಲಿಲ್ಲ, ಇಲ್ಲೇನಾದ್ರೂ ಮಿಕ್ಕಿದ್ಯಾ ಅಂತ..."

ಬುಟ್ಟಿಯನ್ನು ನೋಡಿದ, ನನ್ನ ಕೈಯನ್ನು ನೋಡಿದ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ, ನನ್ನ ಬಾಯಿ ಅಂಥದ್ದು. ಅವನು ಪಾತ್ರೆ ತೆಗೆದುಕೊಂಡು ತಾನೇ ತೊಳೆದು, ಒರೆಸಿ, ಹೊರಟುಹೋದ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಕ್ರಿಸ್‌ಮಸ್ ಊಟಕ್ಕೆ ಅವನು ಬರಲಾರ ಎಂದುಕೊಂಡಿದ್ದೆ. ಬಂದ. ಕೈಯಲ್ಲಿ ಅಂಗಡಿಯ ಬನ್ನಿನ ಪೊಟ್ಟಣ, ಅದಕ್ಕೂ ಹೆಸರಿನ ಪಟ್ಟಿ ಅಂಟಿಸಿದ್ದ.

"ನಾನು ಬಿಚ್ಚಿಲ್ಲ ಆರ್ಡಿಸ್. ಅಂಗಡಿಯವ್ರು ಕಟ್ಟಿದ ಹಾಗೇ ಇದೆ."

ಕೊಂಕು ಇರಲಿಲ್ಲ. ನನಗೆ ಮುಜುಗರವಾಗದಿರಲಿ ಎಂದು ಹೇಳಿದ ಮಾತು ಅದು. ನಾನು ಅವನ ಮುಖ ನೋಡಲಾರದೆ ಪೊಟ್ಟಣವನ್ನೇ ನೋಡುತ್ತ ನಿಂತೆ.

"ತಪ್ಪಾಯ್ತು ಕಣೋ. ಶನಿವಾರ ನಿಮ್ಮನೆಗೆ ಊಟಕ್ಕೆ ಬರ್ತೀನಿ, ಆ ಕಾಡಕ್ಕಿ ಮಾಡ್ತೀಯಾ?"

"ಬೆಕ್ಕುಗಳಿವೆಯಲ್ಲೇ."

"ಇರ್ಲಿ ಬಿಡು."

ಅವನು ಬನ್ನಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟ.

"ಐದು ವರ್ಷದಿಂದ ಒಂದೇ ತಟ್ಟೇಲಿ ಉಂಡು, ಅದನ್ನೇ ತೊಳೆದಿಡ್ತಿದೀನಿ. ಇನ್ನೊಂದು ಎಲ್ಲಿದೆಯೋ, ಹುಡುಕ್ಬೇಕು," ಎಂದ.